ಅಂಗೈಯ ಯಂತ್ರ, ಕಣದ ರಾಶಿ

ಬೇಸಾಯವು ಬಲು ಹಳೆಯ ಕಸುಬು. ಆದರೆ ಹೊಸದನ್ನು ಒಲ್ಲೆನೆಂದು ಹಟ ಹಿಡಿದ ಕಸುಬಲ್ಲ. ಮರದ ನೇಗಿಲಿದ್ದ ಕಡೆ ಕಬ್ಬಿಣದ ನೇಗಿಲು ಬಂದಿತು. ಏತ ಕಪಿಲೆಗಳಿದ್ದ ಕಡೆ ವಿದ್ಯುತ್ ಪಂಪು ಬಂದಿತು. ಈಗ ರೈತನ ಅಂಗೈಗೆ ಮೊಬೈಲ್ ಫೋನು ಬಂದಿದೆ. ನೇಗಿಲು ಮಣ್ಣನ್ನು ಉಳುತ್ತದೆ, ಪಂಪು ನೀರನ್ನು ಎತ್ತುತ್ತದೆ. ಫೋನಾದರೋ ಉಳುವುದಿಲ್ಲ, ಬಿತ್ತುವುದಿಲ್ಲ, ಕಳೆ ಕೀಳುವುದಿಲ್ಲ. ಅದು ಹೊತ್ತು ತರುವುದು ಸುದ್ದಿಯನ್ನು ಮಾತ್ರ. ಸುದ್ದಿಯಿಂದ ಕಣದ ರಾಶಿ ಬೆಳೆಯಬಲ್ಲುದೆ? ಅಭಿವೃದ್ಧಿಶೀಲ ರಾಷ್ಟ್ರಗಳ ಬೇಸಾಯವನ್ನು ಕುರಿತು ಚಿಂತಿಸುವವರು ಇಂದು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಡಿಜಿಟಲ್ ತಂತ್ರಜ್ಞಾನವೊಂದು ಹಳ್ಳಿಯನ್ನು ಹೊಕ್ಕರೆ ಸಾಕು, ರೈತನ ಕಷ್ಟಗಳೆಲ್ಲ ತಾವಾಗಿಯೇ ತೀರುವುವು ಎನ್ನುವವರು ಕೆಲವರು. ಹೊಲದಲ್ಲಿ ದುಡಿಯುವವನಿಗೆ ಅದು ಬರಿಯ ಆಡಂಬರ ಎನ್ನುವವರು ಮತ್ತೆ ಕೆಲವರು. ನಡೆದ ಸಂಗತಿಗಳನ್ನು ನೋಡಿದರೆ ಈ ಎರಡು ಮಾತುಗಳೂ ಅರೆಸತ್ಯಗಳೆಂದು ತಿಳಿಯುತ್ತದೆ.

ಮೊದಲು ಕೇರಳದ ಕಡಲತೀರದ ಸಂಗತಿ. ಮೀನುಗಾರಿಕೆಯು ಬೇಸಾಯವಲ್ಲವಾದರೂ ಬೇಗ ಕೆಡುವ ಸರಕನ್ನು ಹೊತ್ತು ಮಾರುವವರ ಕಷ್ಟ ಎರಡರಲ್ಲಿಯೂ ಒಂದೇ. 1997ರ ಜನವರಿಯ ಒಂದು ಬೆಳಗ್ಗೆ ವಡಕರದ ದಡದಲ್ಲಿ ಹನ್ನೊಂದು ಮಂದಿ ಮೀನುಗಾರರು ಕೊಳ್ಳುವವರಿಲ್ಲದೆ ತಾವು ಹಿಡಿದುತಂದ ಮೀನನ್ನು ಚೆಲ್ಲಬೇಕಾಯಿತು. ಅದೇ ಹೊತ್ತಿನಲ್ಲಿ ಹದಿನೈದು ಕಿಲೋಮೀಟರಿನೊಳಗಿನ ಬೇರೆ ದಡಗಳಲ್ಲಿ ಮೀನು ಸಿಗದೆ ಬರಿಗೈಯಲ್ಲಿ ಹಿಂದಿರುಗಲಿದ್ದವರು ಇಪ್ಪತ್ತೇಳು ಮಂದಿ! ಅಲ್ಲಿ ಕೊರತೆಯಿದ್ದುದು ಮೀನಿಗಲ್ಲ, ಸುದ್ದಿಗೆ. 1997ರಿಂದ 2001ರೊಳಗೆ ಆ ಕರಾವಳಿಗೆ ಮೊಬೈಲ್ ಫೋನು ಬಂದಿತು. ಯಾವ ದಡದಲ್ಲಿ ಬೇಡಿಕೆಯಿದೆ ಎಂಬುದನ್ನು ಕಡಲಿನಿಂದಲೇ ವಿಚಾರಿಸಿ ದೋಣಿ ತಿರುಗಿಸಲು ಮೀನುಗಾರರು ಕಲಿತರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸೆನ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೀನು ಚೆಲ್ಲುವುದು ಹೆಚ್ಚುಕಡಿಮೆ ನಿಂತುಹೋಯಿತು. ಮೀನುಗಾರರ ಲಾಭ ಸರಾಸರಿ ಶೇಕಡಾ 8ರಷ್ಟು ಏರಿತು. ಕೊಳ್ಳುವವರಿಗೆ ಬೆಲೆ ಶೇಕಡಾ 4ರಷ್ಟು ಇಳಿಯಿತು.

ಇನ್ನು ಪಶ್ಚಿಮ ಬಂಗಾಳದ ಸಂಗತಿ. ಹೂಗ್ಲಿ ಮತ್ತು ಪಶ್ಚಿಮ ಮೇದಿನಿಪುರ ಜಿಲ್ಲೆಗಳ 72 ಹಳ್ಳಿಗಳಲ್ಲಿ, ಆಲೂಗಡ್ಡೆ ಬೆಳೆಯುವವರ ನಡುವೆ, 2008ರಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಹಳ್ಳಿಗಳ ರೈತರಿಗೆ ಸಗಟು ಮಾರುಕಟ್ಟೆಯ ಧಾರಣೆಯನ್ನು ದಿನದಿನವೂ ಫೋನಿನ ಮೂಲಕ ತಿಳಿಸಲಾಯಿತು. ಮತ್ತೆ ಕೆಲವು ಹಳ್ಳಿಗಳಲ್ಲಿ ಅದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಲಾಯಿತು. ಉಳಿದ ಹಳ್ಳಿಗಳಲ್ಲಿ ಏನನ್ನೂ ತಿಳಿಸಲಿಲ್ಲ. ಧಾರಣೆ ತಿಳಿದ ರೈತನಿಗೆ ಹೆಚ್ಚು ಬೆಲೆ ಸಿಕ್ಕಿರಬೇಕೆಂದು ಯಾರಾದರೂ ಊಹಿಸುವರು. ಆದರೆ ಸರಾಸರಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇನೂ ಕಾಣಲಿಲ್ಲ. ಏಕೆಂದರೆ ಆ ರೈತರು ಸಗಟು ಮಾರುಕಟ್ಟೆಯಲ್ಲಿ ನೇರವಾಗಿ ಮಾರುವಂತಿರಲಿಲ್ಲ. ಊರಿನ ವ್ಯಾಪಾರಿಗೇ ಮಾರಬೇಕಾಗಿತ್ತು. ಪೇಟೆಯ ಬೆಲೆ ತಿಳಿದೂ ಅವರಿಗೆ ಅದು ಕನ್ನಡಿಯೊಳಗಿನ ಗಂಟೇ ಆಯಿತು.

ಫೋನು ಎರಡೂ ಕಡೆ ಒಂದೇ. ಫಲ ಮಾತ್ರ ಬೇರೆ. ಮೀನುಗಾರನಿಗೆ ದೋಣಿಯಿತ್ತು, ಕಡಲು ಎಲ್ಲ ದಡಗಳಿಗೂ ತೆರೆದ ದಾರಿಯಾಗಿತ್ತು. ಆಲೂಗಡ್ಡೆಯ ರೈತನಿಗಿದ್ದುದು ಒಂದೇ ಬಾಗಿಲು. ತಿಳಿವಳಿಕೆಯೊಡನೆ, ತಿಳಿದಂತೆ ನಡೆಯುವ ಸ್ವಾತಂತ್ರ್ಯವೂ ಇದ್ದಾಗಲೇ ಸುದ್ದಿಯು ಸಂಪತ್ತಾಗುತ್ತದೆ ಎಂಬುದು ಇದರಿಂದ ಸ್ಪಷ್ಟ.

ಕರ್ನಾಟಕದ ಅನುಭವವೂ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಇಲ್ಲಿನ ಕೃಷಿ ಮಾರುಕಟ್ಟೆಗಳನ್ನು ಗಣಕಯಂತ್ರಗಳ ಮೂಲಕ ಒಂದಕ್ಕೊಂದು ಜೋಡಿಸುವ ಕಾರ್ಯ 2014ರಲ್ಲಿ ಆರಂಭವಾಯಿತು. ಒಂದು ಪೇಟೆಗೆ ಬಂದ ರಾಶಿಗೆ ಬೇರೆ ಊರಿನ ವರ್ತಕನೂ ಬೆಲೆ ಕೂಗುವುದು ಸಾಧ್ಯವಾಯಿತು. ಇದರ ಫಲವನ್ನು ಪರಿಶೀಲಿಸಿದ ವಿದ್ವಾಂಸರು ಭತ್ತದ ಬೆಲೆ ಶೇಕಡಾ 5ರಷ್ಟು, ಶೇಂಗಾ ಮತ್ತು ಮೆಕ್ಕೆಜೋಳಗಳ ಬೆಲೆ ಶೇಕಡಾ 3.5ರ ಆಸುಪಾಸಿನಲ್ಲಿ ಏರಿದುದನ್ನು ಕಂಡರು. ಹತ್ತಿ, ಹೆಸರು, ತೊಗರಿಗಳಲ್ಲಿ ಅಂತಹ ಏರಿಕೆ ಕಾಣಲಿಲ್ಲ. ಒಂದೇ ವ್ಯವಸ್ಥೆಯು ಎಲ್ಲ ಬೆಳೆಗಳಿಗೂ ಒಂದೇ ಸಮನಾಗಿ ಒದಗಲಿಲ್ಲ. ಆದರೂ ಕೊಳ್ಳುವವರ ಬಾಗಿಲುಗಳು ಹೆಚ್ಚಿದರೆ ರೈತನಿಗೆ ಲಾಭವುಂಟು ಎಂಬುದು ಖಚಿತವಾಯಿತು.

ಬೆಲೆಯ ಮಾತು ಹಾಗಿರಲಿ, ಇಳುವರಿಯ ಗತಿಯೇನು? ಯಾವಾಗ ಬಿತ್ತಬೇಕು, ಎಷ್ಟು ಗೊಬ್ಬರ ಹಾಕಬೇಕು, ಕೀಟಕ್ಕೆ ಏನು ಮದ್ದು ಎಂಬ ಸಲಹೆಯನ್ನು ಫೋನಿನ ಮೂಲಕ ತಿಳಿಸಿದರೆ ಇಳುವರಿಯು ಸರಾಸರಿ ಶೇಕಡಾ 4ರಷ್ಟು ಹೆಚ್ಚಿತೆಂದು, ಭಾರತ ಮತ್ತು ಆಫ್ರಿಕದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಪರಿಶೀಲನೆಯೊಂದು 2019ರಲ್ಲಿ ತಿಳಿಸಿತು. ಎಕರೆಗೆ ಹತ್ತು ಕ್ವಿಂಟಾಲ್ ಬೆಳೆಯುವವನಿಗೆ ಇದು ನಲವತ್ತು ಕಿಲೋ ಧಾನ್ಯ. ಅಲ್ಪ ಖರ್ಚಿನಲ್ಲಿ ದೊರೆಯುವ ಈ ಲಾಭವನ್ನು ಹಗುರಾಗಿ ಕಾಣಲಾಗದು. ಆದರೆ ಇದನ್ನೇ ಪವಾಡವೆಂದು ಕೊಂಡಾಡಲೂ ಆಗದು. ಗೊಬ್ಬರದ ಅಳತೆ ತಿಳಿದವನ ಕೈಯಲ್ಲಿ ಗೊಬ್ಬರಕ್ಕೆ ಹಣವಿರಬೇಕು. ನೀರು ಹಾಯಿಸುವ ಹೊತ್ತು ತಿಳಿದವನ ಬಾವಿಯಲ್ಲಿ ನೀರಿರಬೇಕು. 2015-16ರ ಕೃಷಿ ಗಣತಿಯಂತೆ ಭಾರತದ ಪ್ರತಿ ನೂರು ಹಿಡುವಳಿಗಳಲ್ಲಿ ಎಂಬತ್ತಾರು 2 ಹೆಕ್ಟೇರಿಗಿಂತ ಚಿಕ್ಕವು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಈ ಸಣ್ಣ ರೈತನ ಪಾಲಿಗೆ ನಿಜವಾಗಬಾರದು.

ಸಲಹೆಯ ಭಾಷೆಯೂ ರೈತನದಾಗಿರಬೇಕು. ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮಪಂಚಾಯಿತಿಯ ಮಟ್ಟದವರೆಗೆ ಮಳೆಮಾಪಕಗಳನ್ನು ಸ್ಥಾಪಿಸಿ, ‘ವರುಣಮಿತ್ರ’ ಎಂಬ ಸಹಾಯವಾಣಿಯ ಮೂಲಕ ಹವಾಮಾನವನ್ನು ತಿಳಿಸುವ ಏರ್ಪಾಟು ಮಾಡಿತು. ರೈತನು ತನ್ನ ಊರಿನ ಮಳೆಯನ್ನು ತನ್ನ ಮಾತಿನಲ್ಲಿ ಕೇಳಿ ತಿಳಿಯುವುದೇ ಇದರ ಹಿರಿಮೆ. ಓದುಬರಹ ಬಾರದವನಿಗೂ, ಗಂಡಸಿನಷ್ಟೇ ಹೊಲದಲ್ಲಿ ದುಡಿದೂ ಕೈಯಲ್ಲಿ ಫೋನಿಲ್ಲದ ಹೆಂಗಸಿಗೂ ಮುಟ್ಟಿದಾಗಲೇ ಇಂತಹ ಪ್ರಯತ್ನಗಳು ಪೂರ್ಣವಾಗುವುವು.

ಯಂತ್ರವನ್ನು ಪೂಜಿಸಬೇಕಾಗಿಲ್ಲ, ಹಳಿಯಬೇಕಾಗಿಯೂ ಇಲ್ಲ. ಹಳ್ಳಿಗೆ ಫೋನನ್ನು ತಲಪಿಸಿದ ನಾಡು, ಅದರ ಹಿಂದೆಯೇ ರಸ್ತೆಯನ್ನೂ ನೀರನ್ನೂ ಸಾಲವನ್ನೂ ನ್ಯಾಯವಾದ ತಕ್ಕಡಿಯನ್ನೂ ತಲಪಿಸಬೇಕು. ಇವಿಲ್ಲದೆ ಸುದ್ದಿಯೊಂದನ್ನೇ ಕಳುಹಿಸುವುದೆಂದರೆ, ಹಸಿದವನಿಗೆ ಅಡುಗೆಯ ಪರಿಮಳವನ್ನಷ್ಟೇ ಉಣಬಡಿಸಿದಂತೆ. ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಕೆಸರಾದ ಆ ಕೈಯಲ್ಲಿ ಇಂದು ಯಂತ್ರವಿದೆ. ಬಾಯಿಗೆ ಮೊಸರು ದೊರೆಯುವಂತೆ ಮಾಡುವ ಹೊಣೆ ಸಮಾಜದ್ದು.