ಶೀಶೆಯ ಮೇಲಿನ ಸಣ್ಣಕ್ಷರಗಳು

ಮುಖಕ್ಕೆ ಹಚ್ಚುವ ಕ್ರೀಮು, ತಲೆಗೆ ಶಾಂಪೂ, ಕೂಸಿನ ಮೈಗೆ ಸವರುವ ಲೋಷನ್ನು ಇವು ಈಗ ಬಹುಮಂದಿಯ ಮನೆಗಳಲ್ಲಿವೆ. ನೀರು ಬೆರೆತ ಈ ಪದಾರ್ಥಗಳು ಕೆಡದೆ ತಿಂಗಳುಗಟ್ಟಲೆ ನಿಲ್ಲುವುದು ಹೇಗೆಂದು ವಿಚಾರಿಸುವವರು ಮಾತ್ರ ವಿರಳ. ಸೂಕ್ಷ್ಮಜೀವಿಗಳೂ ಬೂಷ್ಟೂ ಬೆಳೆಯದಂತೆ ಇವುಗಳಲ್ಲಿ ಸಂರಕ್ಷಕ ದ್ರವ್ಯಗಳನ್ನು ಸೇರಿಸಿರುತ್ತಾರೆ. ಪ್ಯಾರಾಬೆನ್ ಎಂಬ ವರ್ಗವು ಬಹುಕಾಲದಿಂದ ಈ ಕಾರ್ಯಕ್ಕೆ ಬಳಕೆಯಲ್ಲಿದೆ.

ಈ ದ್ರವ್ಯಗಳ ಮೇಲೆ ಒಂದು ಆಕ್ಷೇಪಣೆಯುಂಟು. ಸ್ತ್ರೀದೇಹದ ಬೆಳವಣಿಗೆಯನ್ನು ನಡೆಸುವ ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ಇವು ಅನುಕರಿಸುತ್ತವೆಂದು ಇಂಗ್ಲೆಂಡಿನ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದರು. ಆದರೆ ಅವರು ಪರೀಕ್ಷಿಸಿದವುಗಳಲ್ಲಿ ಪ್ರಬಲವಾದ ಬ್ಯುಟೈಲ್ ಪ್ಯಾರಾಬೆನ್ನಿನ ಶಕ್ತಿಯೂ ದೇಹದ ಸ್ವಂತ ಹಾರ್ಮೋನಿನ 10,000ದಲ್ಲಿ ಒಂದು ಪಾಲಿನಷ್ಟೇ ಇತ್ತು. 2004ರಲ್ಲಿ ರೀಡಿಂಗ್ ವಿಶ್ವವಿದ್ಯಾನಿಲಯದ ಫಿಲಿಪ್ಪಾ ಡಾರ್ಬ್ರೆಯವರು ಸ್ತನದ ಗೆಡ್ಡೆಗಳ 20 ಮಾದರಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಪ್ಯಾರಾಬೆನ್ ಇರುವುದನ್ನು ಕಂಡರು. ರೋಗಕ್ಕೆ ಇದೇ ಕಾರಣವೆಂದು ಅದರಿಂದ ಸಿದ್ಧವಾಗಲಿಲ್ಲ.

ಹಾಗಾದರೆ ನಿಶ್ಚಿಂತೆಯಿಂದಿರಬಹುದೇ? ನನ್ನ ಅಭಿಪ್ರಾಯದಲ್ಲಿ ಇಲ್ಲಿ ಅಂಜಿಕೆಯೂ ಸಲ್ಲದು, ಅಲಕ್ಷ್ಯವೂ ಸಲ್ಲದು. ಬೆಳೆದವರಿಗೆ ಅಲ್ಪವೆನಿಸುವುದು ಎಳೆಯ ದೇಹಕ್ಕೂ ಅಲ್ಪವೆಂದು ಹೇಳಲಾಗದು. ಆದುದರಿಂದಲೇ ಯುರೋಪಿಯನ್ ಒಕ್ಕೂಟವು 2014ರಲ್ಲಿ ಪ್ರೊಪೈಲ್ ಮತ್ತು ಬ್ಯುಟೈಲ್ ಪ್ಯಾರಾಬೆನ್ನುಗಳನ್ನು ನೂರಕ್ಕೆ 0.14 ಪಾಲಿಗೆ ಮಿತಗೊಳಿಸಿತು. 3 ವರ್ಷಕ್ಕೊಳಗಿನ ಮಕ್ಕಳಿಗೆ ಲಂಗೋಟಿ ಕಟ್ಟುವ ಭಾಗದಲ್ಲಿ ಹಚ್ಚಿ ಬಿಡುವ ಲೇಪಗಳಲ್ಲಿ ಅವನ್ನು ನಿಷೇಧಿಸಿತು.

ಬೆಳೆಯುವ ಹುಡುಗಿಯರ ವಿಷಯದಲ್ಲಿ ಕ್ಯಾಲಿಫೋರ್ನಿಯಾದ ಸಲೀನಾಸ್ ಎಂಬಲ್ಲಿ ನಡೆದ ಒಂದು ಪ್ರಯೋಗವು ಗಮನಾರ್ಹವಾಗಿದೆ. 100 ಮಂದಿ ಹುಡುಗಿಯರು 3 ದಿನಗಳ ಕಾಲ ಇಂತಹ ದ್ರವ್ಯಗಳಿಲ್ಲವೆಂದು ಗುರುತು ಹಾಕಿದ್ದ ಸಾಮಗ್ರಿಗಳನ್ನೇ ಬಳಸಿದರು. ಅವರ ಮೂತ್ರದಲ್ಲಿ ಮೆಥೈಲ್ ಪ್ಯಾರಾಬೆನ್ ನೂರಕ್ಕೆ 44ರಷ್ಟೂ ಪ್ರೊಪೈಲ್ ಪ್ಯಾರಾಬೆನ್ 45ರಷ್ಟೂ ತಗ್ಗಿದುವೆಂದು 2016ರಲ್ಲಿ ಪ್ರಕಟವಾಯಿತು. ಆಶ್ಚರ್ಯವೆಂದರೆ, ಬೇರೆರಡು ಪ್ಯಾರಾಬೆನ್ನುಗಳು ಕೊಂಚ ಹೆಚ್ಚಿದ್ದುವು! ಹಚ್ಚಿದ್ದು ಮೈಯೊಳಗೆ ಹೋಗುತ್ತದೆ, ಬಿಟ್ಟರೆ ಬೇಗನೆ ಇಳಿಯುತ್ತದೆ ಎಂಬುದು ಇದರ ಮೊದಲನೆಯ ಪಾಠ. ಹೊರಗಿನ ಗುರುತೊಂದನ್ನೇ ನಂಬಬಾರದೆಂಬುದು ಎರಡನೆಯದು.

“ಪ್ಯಾರಾಬೆನ್ ಇಲ್ಲ” ಎಂಬ ದೊಡ್ಡಕ್ಷರಗಳೂ ಕ್ಷೇಮದ ಮುದ್ರೆಯಲ್ಲ. ಅದಕ್ಕೆ ಬದಲಾಗಿ ಹೆಚ್ಚು ಬಳಕೆಗೆ ಬಂದ ಮೆಥೈಲ್ ಐಸೋಥಯಾಜೋಲಿನೋನ್ ಎಂಬ ದ್ರವ್ಯವು ಅನೇಕರಿಗೆ ಚರ್ಮದ ಅಲರ್ಜಿಯನ್ನುಂಟುಮಾಡಿತು. ಹಚ್ಚಿ ಬಿಡುವ ಲೇಪಗಳಲ್ಲಿ ಯುರೋಪು ಅದನ್ನು 2017ರಲ್ಲಿ ನಿಷೇಧಿಸಬೇಕಾಯಿತು. ಸಂರಕ್ಷಕವೇ ಇಲ್ಲದ ಕ್ರೀಮಾದರೋ ಸೋಂಕಿಗೆ ಎಡೆಮಾಡೀತು.

ಆದುದರಿಂದ ತಾಯ್ತಂದೆಗಳಲ್ಲಿಯೂ ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರಲ್ಲಿಯೂ ನನ್ನ ವಿನಂತಿಯಿಷ್ಟೆ: ಹಚ್ಚುವ ವಸ್ತುಗಳ ಸಂಖ್ಯೆಯನ್ನು ಕಡಿಮೆ ಮಾಡಿರಿ, ಕೂಸುಗಳಿಗಂತೂ ಅವಶ್ಯವಾದುದನ್ನು ಮಾತ್ರ ಬಳಸಿರಿ. ಶುದ್ಧ ಕೊಬ್ಬರಿ ಎಣ್ಣೆಯಲ್ಲಿ ನೀರಿಲ್ಲವಾದ ಕಾರಣ ಅದಕ್ಕೆ ಇಂತಹ ಸಂರಕ್ಷಕವು ಬೇಕಿಲ್ಲ. ಕೊಳ್ಳಲೇಬೇಕಾದಾಗ ಶೀಶೆಯ ಹಿಂದಿನ ಸಣ್ಣಕ್ಷರಗಳನ್ನು ಮಗಳ ಕೈಯಲ್ಲಿ ಓದಿಸಿರಿ. ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರವು ಪರೀಕ್ಷೆಯೊಡನೆ ಮುಗಿಯದೆ ಸ್ನಾನದ ಮನೆಯವರೆಗೂ ಬಂದಾಗಲೇ ವಿದ್ಯೆಯು ಸಾರ್ಥಕವಾಗುವುದು.