ಓದದವರ ಷೇರುಪೇಟೆ

‘ಯಾರೂ ಗಮನಿಸದ ಷೇರು’ ಎಂದು ಟೆಲಿಗ್ರಾಂನಲ್ಲಿ ಸಾವಿರಾರು ಜನರಿಗೆ ಸಾರಿದ ಮೇಲೂ ಅದು ಯಾರೂ ಗಮನಿಸದ ಷೇರಾಗಿ ಉಳಿದೀತೇ? ನನ್ನ ಜೊತೆಯ ಸಂಶೋಧನಾ ವಿದ್ಯಾರ್ಥಿಗಳು ಫೆಲೋಶಿಪ್ ಹಣವನ್ನು ಇಂಥ ಮಾತು ನಂಬಿ ಸುರಿಯುತ್ತಿದ್ದಾರೆ.

1926ರಲ್ಲಿ ಅಮೆರಿಕದ ಹೂಡಿಕೆದಾರ ಬೆಂಜಮಿನ್ ಗ್ರಹಾಂ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯೊಂದರಲ್ಲಿ ಕೂತು ಪೈಪ್‌ಲೈನ್ ಕಂಪನಿಗಳ ವರದಿಗಳನ್ನು ಓದಿದರು. ನಾರ್ದರ್ನ್ ಪೈಪ್‌ಲೈನ್ ಕಂಪನಿಯ ಷೇರಿನ ಬೆಲೆ 65 ಡಾಲರ್. ಒಂದೊಂದು ಷೇರಿನ ಪಾಲಿಗೆ ಕಂಪನಿಯ ಬಳಿ ಇದ್ದ ಬಾಂಡು ಮತ್ತಿತರ ಆಸ್ತಿ ಸುಮಾರು 95 ಡಾಲರ್! ಗುಟ್ಟೇನೂ ಇರಲಿಲ್ಲ, ಓದುವವರು ಇರಲಿಲ್ಲ. ಆ ಹಣ ಷೇರುದಾರರ ಕೈಸೇರಲು ಮಾತ್ರ ಆಡಳಿತ ಮಂಡಳಿಯೊಡನೆ ಜಗಳವನ್ನೂ ಆಡಬೇಕಾಯಿತು.

ಹಸ್ತಪ್ರತಿಯ ಒಂದು ಪಾಠಾಂತರಕ್ಕಾಗಿ ತಿಂಗಳುಗಟ್ಟಲೆ ಕೂರುವ ನಾವು, ನಮ್ಮದೇ ಹಣ ಹಾಕುವ ಕಂಪನಿಯ ವಾರ್ಷಿಕ ವರದಿಯನ್ನು ‘ಅದು ಕಾಮರ್ಸಿನವರ ಕೆಲಸ’ ಎಂದು ಮೂಲೆಗಿಡುತ್ತೇವೆ. ಇದು ಸೋಮಾರಿತನ. ಟಿಪ್ಸ್ ಮಾರುವವರ ಹೊಟ್ಟೆ ತುಂಬುತ್ತಿರುವುದೇ ಇದರಿಂದ.