ಹೊಲ ಯಾರದು, ಹಣ ಯಾರಿಗೆ?

ಎಂಟನೆಯ ಇಯತ್ತೆಯಲ್ಲಿ ಒಮ್ಮೆ 'ರೈತ' ಎಂಬ ಶಬ್ದದ ಅರ್ಥವನ್ನು ಕೇಳಿದೆ. ಒಬ್ಬ ಬಾಲಕನು ಎದ್ದು ನಿಂತು, "ಸರ್, ಯಾರ ಖಾತೆಗೆ ಸರಕಾರದ ಎರಡು ಸಾವಿರ ರೂಪಾಯಿ ಬರುತ್ತದೆಯೋ ಅವನು ರೈತ" ಎಂದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಸಂಜೆ ಲೋಕಲ್ ಗಾಡಿಯಲ್ಲಿ ನಿಂತು ಬರುವಾಗ, ಅದು ನಗತಕ್ಕ ಉತ್ತರವಲ್ಲವೆಂದು ತೋರಿತು.

ಕೇಂದ್ರ ಸರಕಾರವು 2019ರ ಫೆಬ್ರುವರಿಯಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ಪ್ರಕಾರ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿಗಳು ಮೂರು ಕಂತುಗಳಲ್ಲಿ ನೇರವಾಗಿ ಬ್ಯಾಂಕಿನ ಖಾತೆಗೆ ಸಲ್ಲುತ್ತವೆ. ನಡುವೆ ಕೈಚಾಚುವ ದಲ್ಲಾಳಿಯಿಲ್ಲ. ಇದು ಮೆಚ್ಚತಕ್ಕ ವಿಷಯ. ಆದರೆ ರೈತನನ್ನು ಗುರುತಿಸುವುದು ಹೇಗೆ? ಪಹಣಿಯಲ್ಲಿ, ನಮ್ಮ ಕಡೆಯವರು 'ಉತಾರ' ಎನ್ನುವ ಕಾಗದದಲ್ಲಿ, ಆತನ ಹೆಸರಿರಬೇಕು. ನೇಗಿಲು ಹಿಡಿದವನು ಬೇರೊಬ್ಬನಾಗಿದ್ದರೆ ಅವನ ಲೆಕ್ಕ ಅಲ್ಲಿ ಬರುವುದಿಲ್ಲ.

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ಊರಿನಲ್ಲಿ ನಮಗೆ ಮೂರು ಎಕರೆ ಎರೆಭೂಮಿಯುಂಟು. ತಂದೆಯವರು ನನ್ನೊಡನೆ ಈ ಮುಂಬಯಿಯಲ್ಲಿದ್ದಾರೆ. ಹೊಲವನ್ನು ಪಾಲಿಗೆ ಮಾಡುವವರು ನೆರೆಮನೆಯ ಕಾಕಾ. ಬಿತ್ತುವವರು, ಕಳೆ ಕೀಳಿಸುವವರು, ಮಳೆ ಕೈಕೊಟ್ಟರೆ ಸಾಲ ಹೊರುವವರು ಅವರೇ. ಹಣ ಮಾತ್ರ ತಂದೆಯವರ ಖಾತೆಗೆ ಬರುತ್ತದೆ. ಒಂದು ವರ್ಷ ಹಿಂಗಾರಿನ ಜೋಳ ತೆನೆಗಟ್ಟದೆ ಒಣಗಿತು. ಆ ತಿಂಗಳೂ ಕಂತು ತಪ್ಪದೆ ಬಂದಿತು, ಇಲ್ಲಿಗೆ.

ಇಂಥ ಪಾಲುಗಾರರು ಕಾಗದದಲ್ಲೇಕೆ ಕಾಣುವುದಿಲ್ಲ? ಕಾರಣವು ವಿಚಿತ್ರವಾದದ್ದು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1974ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಗೇಣಿ ಪದ್ಧತಿಯು ರದ್ದಾಗಿ, ಅಸಂಖ್ಯ ಗೇಣಿದಾರರು ಭೂಮಿಯ ಒಡೆಯರಾದರು. ಅದು ಮಹತ್ಕಾರ್ಯವೇ ಸರಿ. ಆದರೆ ಕಾಯದೆಯು ಇಲ್ಲವೆಂದ ಗೇಣಿಯು ಹೊಲದಲ್ಲಿ ಉಳಿಯಿತು, ಬಾಯಿಮಾತಿನ ಕರಾರಾಗಿ. ಉಳುವವನಿಗೆ ಭೂಮಿ ಕೊಡಿಸಿದ ಕಾಯದೆಯ ನೆರಳಿನಲ್ಲಿಯೇ ಇಂದಿನ ಉಳುವವನು ಮರೆಯಾಗಿದ್ದಾನೆ.

ಪರಿಹಾರವೇ ಇಲ್ಲವೆನ್ನಲಾಗದು. ಒಡಿಶಾದ 'ಕಾಲಿಯಾ' ಯೋಜನೆಯು ಪಾಲುಗಾರರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಆಂಧ್ರಪ್ರದೇಶವು 2019ರಲ್ಲಿ ಒಂದು ಕಾಯದೆ ಮಾಡಿ, ಒಡೆತನಕ್ಕೆ ಧಕ್ಕೆ ಬಾರದಂತೆ, ಸಾಗುವಳಿ ಮಾಡುವವನಿಗೆ ಹನ್ನೊಂದು ತಿಂಗಳ ಹಕ್ಕುಪತ್ರ ಕೊಡುವ ಏರ್ಪಾಡು ಮಾಡಿತು. ಅದಕ್ಕೂ ಒಡೆಯನ ಒಪ್ಪಿಗೆ ಬೇಕಾಗಿತ್ತು. ತೊಡಕು ಇರುವುದು ಅಲ್ಲಿಯೇ. ಆದರೂ ನಮ್ಮ ರಾಜ್ಯವು ಇಂಥ ದಾರಿಯನ್ನು ಹಿಡಿಯಬೇಕೆಂದೂ, ಸಹಾಯಧನವು ಬಿತ್ತುವವನ ಕೈಸೇರಬೇಕೆಂದೂ ನನ್ನ ದೃಢವಾದ ಅಭಿಪ್ರಾಯ.

ಊರಲ್ಲಿ ಹೊಲ ಬಿಟ್ಟು ಬಂದವರೆಲ್ಲ ಧನಿಕರಲ್ಲ ಎಂಬುದನ್ನು ನಾನು ಬಲ್ಲೆ. ನಿಮ್ಮಲ್ಲಿ ಎಷ್ಟೋ ಜನರ ತಂದೆತಾಯಿಗಳು ಕಟ್ಟಡದ ಕೆಲಸದಲ್ಲಿದ್ದಾರೆ. ಅವರಿಗೂ ಎರಡು ಸಾವಿರವೆಂದರೆ ಒಂದು ತಿಂಗಳ ರೇಶನ್ನು. ಅವರನ್ನು ನಾನು ದೂಷಿಸಲಾರೆ. ಆದರೂ ದೀಪಾವಳಿಗೆ ಊರಿಗೆ ಹೋದಾಗ, ನಮ್ಮ ಹೊಲವನ್ನು ಈಗ ಬಿತ್ತುವವರು ಯಾರೆಂದು ಮನೆಯಲ್ಲಿ ಕೇಳಿ ನೋಡಿರಿ.

ನಾನು ತಂದೆಯವರೊಡನೆ ಈ ಮಾತನ್ನೆತ್ತಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಮುಂದಿನ ಕಂತು ಬಂದಾಗ ಅದನ್ನು ಬೀಜಕ್ಕೆಂದು ಕಾಕಾ ಅವರಿಗೆ ಕಳುಹಿಸಿದರು. ಪಾಲಿನ ಕರಾರನ್ನು ಕಾಗದದಲ್ಲಿ ಬರೆದುಕೊಡೋಣವೇ ಎಂದು ಕೇಳಿದೆ. "ಅದೊಂದು ಮಾತ್ರ ಬ್ಯಾಡಪಾ" ಎಂದು ಎದ್ದು ಹೋದರು.